ಡ್ರಾಯಿಂಗ್ ನನಗೆ ಬರುತ್ತಿತ್ತು, ಆಫೀಸು ನಡೆಸೋದನ್ನ ಕೇಳಿ ಕಲಿತೆ

ರಾಯಚೂರಿನಲ್ಲಿ ಸ್ವಂತ ಆರ್ಕಿಟೆಕ್ಟ್ ಆಫೀಸು ಶುರು ಮಾಡಿ ಏಳು ವರ್ಷ ಆಯ್ತು. ನಾನು, ಒಬ್ಬ ಡ್ರಾಫ್ಟ್ಸ್‌ಮನ್, ಒಂದು ಪ್ರಿಂಟರ್, ಅಷ್ಟೇ. ಕಾಲೇಜಿನಲ್ಲಿ ಐದು ವರ್ಷ ಡಿಸೈನ್ ಕಲಿಸುತ್ತಾರೆ. ಫೀ ಯಾವಾಗ ಕೇಳಬೇಕು, ಮಾಲೀಕರು ಕೆಲಸ ಅರ್ಧಕ್ಕೆ ನಿಲ್ಲಿಸಿದರೆ ಏನು ಮಾಡಬೇಕು ಅನ್ನೋದನ್ನ ಒಂದು ಸಬ್ಜೆಕ್ಟ್ ಅಂತ ಓದಿ, ಪರೀಕ್ಷೆ ಬರೆದು ಮರೆತುಬಿಡುತ್ತೇವೆ. ನಾನೂ ಮರೆತಿದ್ದೆ.

ಮೂರನೇ ವರ್ಷ ಒಂದು ಮನೆ ಕೆಲಸದಲ್ಲಿ ಪೆಟ್ಟು ಬಿತ್ತು. ಮಾಲೀಕರು ಮಧ್ಯದಲ್ಲಿ ಮಹಡಿ ಎತ್ತರ ಹತ್ತು ಅಡಿ ಬೇಡ, ಹನ್ನೊಂದು ಮಾಡಿ ಅಂದರು. ಆರು ಇಂಚಿನ ಮೆಟ್ಟಿಲು ಇಪ್ಪತ್ತು ಇದ್ದದ್ದು ಇಪ್ಪತ್ತೆರಡು ಆಯ್ತು. ಹೊಸ ಡ್ರಾಯಿಂಗ್ ಮಾಡಿ ಮಾಲೀಕರ ವಾಟ್ಸಾಪಿಗೆ ಕಳಿಸಿದೆ, ಸುಮ್ನೆ ಆದೆ. ಮೇಸ್ತ್ರಿ ಕೈಯಲ್ಲಿ ಇದ್ದದ್ದು ಹಳೇ ಝೆರಾಕ್ಸ್. ನಾನು ಸೈಟಿಗೆ ಹೋಗುವ ಹೊತ್ತಿಗೆ ಕೆಳಗಿನ ಹತ್ತು ಮೆಟ್ಟಿಲಿಗೆ ಕಾಂಕ್ರೀಟ್ ಬಿದ್ದಿತ್ತು, ಮಧ್ಯದಲ್ಲಿ ಮೆಟ್ಟಿಲು ತಿರುಗುವ ಕಡೆಯ ಲ್ಯಾಂಡಿಂಗ್ ಅರ್ಧ ಅಡಿ ಕೆಳಗೆ ಕೂತಿತ್ತು. ಉಳಿದ ಹನ್ನೆರಡನ್ನೂ ಮೇಲಿನ ಭಾಗದಲ್ಲಿ ಹಾಕಿದರೆ ಬೆಡ್‌ರೂಮಿನ ಬಾಗಿಲಿಗೆ ಅಡ್ಡ ಬರುತ್ತಿತ್ತು. "ಸರ್, ನೀವು ಕೊಟ್ಟದ್ದೇ ಅದ ರೀ ನನ್ ಕೈಯಾಗ" ಅಂತ ಮೇಸ್ತ್ರಿ ಹಾಳೆ ಬಿಡಿಸಿ ತೋರಿಸಿದರು. ಅವರು ಹೇಳಿದ್ದು ನಿಜ. ಒಡೆಸಬೇಕಾಯ್ತು. ಖರ್ಚು ಯಾರದ್ದು ಅಂತ ಹೇಳೋ ಒಂದು ಕಾಗದ ನನ್ನ ಹತ್ತಿರ ಇರಲಿಲ್ಲ, ಕೊನೆಯ ಫೀ ಬರಲೇ ಇಲ್ಲ.

ಬಳ್ಳಾರಿಯಲ್ಲಿ ನಾನು ಟ್ರೈನಿಂಗ್ ಮಾಡಿದ ಆಫೀಸಿನ ಹಿರಿಯರಿಗೆ ಫೋನ್ ಮಾಡಿದೆ. ಫೈಲ್ ತಗೊಂಡು ಬಾರಪ್ಪ ಅಂದರು. ಸಿಂಧನೂರು, ಸಿರುಗುಪ್ಪ ದಾಟಿ ಬಸ್ಸಿನಲ್ಲಿ ಹೋಗಿ ಕೂತರೆ ಅವರು ಕೇಳಿದ್ದು ಮೂರೇ ಮಾತು. ಒಪ್ಪಂದ ಎಲ್ಲಿ? ಡ್ರಾಯಿಂಗ್ ಯಾರಿಗೆ ಯಾವತ್ತು ಕೊಟ್ಟೆ ಅನ್ನೋ ಪುಸ್ತಕ ಎಲ್ಲಿ? ಸೈಟಿಗೆ ಹೋದಾಗ ಬರೆದದ್ದು ಎಲ್ಲಿ? ಮೂರೂ ಇರಲಿಲ್ಲ. ಅವರು ಬೈಯಲಿಲ್ಲ. ಸಂಜೆವರೆಗೆ ಕೂತು ಒಂದೊಂದಾಗಿ ಬರೆಸಿದರು. ಆಮೇಲೆ ನಾನೇ ಕೇಳಿಕೊಂಡೆ, ತಿಂಗಳಿಗೆ ಅರ್ಧ ದಿನ ನನ್ನ ಆಫೀಸಿನ ಕಾಗದ ನೋಡಿ, ಅದಕ್ಕೆ ಫೀ ತಗೊಳ್ಳಿ ಅಂತ. ಮೊದಲು ಬೇಡ ಅಂದರು. ದುಡ್ಡು ಕೊಟ್ಟರೆ ಸಂಕೋಚ ಇಲ್ಲದೆ ಕೇಳಬಹುದು ಸರ್ ಅಂದ ಮೇಲೆ ಒಪ್ಪಿದರು. ನಾನು ಮಾಡಿದ ಖರ್ಚಿನಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಒಪ್ಪಂದಕ್ಕೆ ಆರ್ಕಿಟೆಕ್ಟರ ನೋಂದಣಿ ನೋಡಿಕೊಳ್ಳುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನವರು ಕೊಟ್ಟಿರುವ ಷರತ್ತುಗಳು ಮತ್ತು ಫೀ ದರಗಳ ಪಟ್ಟಿಯನ್ನೇ ಆಧಾರ ಮಾಡಿಕೊಂಡೆ. ಅದು ಇಂಗ್ಲಿಷಿನಲ್ಲಿದೆ. ನಾನು ಎರಡು ಪುಟಕ್ಕೆ ಇಳಿಸಿ ಕನ್ನಡದಲ್ಲಿ ಬರೆದೆ, ಯಾಕಂದ್ರೆ ನಮ್ಮ ಕಡೆ ದುಡ್ಡು ಕೊಡೋದು ಜಾಸ್ತಿ ಮನೆಯ ಹಿರಿಯರೇ, ಅವರು ಓದಿ ಸಹಿ ಹಾಕಬೇಕು ಅಲ್ವಾ. ಯಾವ ಹಂತಕ್ಕೆ ಎಷ್ಟು ಫೀ, ಎಷ್ಟು ಸಲ ಪ್ಲಾನ್ ಬದಲಾಯಿಸಬಹುದು, ತಿಂಗಳಿಗೆ ಎಷ್ಟು ಸಲ ಸೈಟಿಗೆ ಬರುತ್ತೇನೆ, ಮಣ್ಣಿನ ಪರೀಕ್ಷೆ ಮತ್ತು ಸ್ಟ್ರಕ್ಚರಲ್ ಡಿಸೈನ್ (ಪಾಯ, ಕಂಬ, ತೊಲೆಗಳ ಬಲದ ಲೆಕ್ಕ) ಇದರಲ್ಲಿ ಸೇರಿಲ್ಲ, ಎಲ್ಲಾ ಅದರಲ್ಲಿದೆ. ಒಂದು ಹಂತದ ಫೀ ಬಂದ ಮೇಲೆ ಮುಂದಿನ ಹಂತದ ಕೆಲಸ.

ಇಲ್ಲಿ ಮೊದಲ ಪ್ರಶ್ನೆ "ನಕ್ಷೆಗೆ ಎಷ್ಟು ರೀ?" ಅಂತಲೇ ಇರುತ್ತದೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ನೋಂದಣಿ ಇದ್ದವರು ಮಾತ್ರ ಆರ್ಕಿಟೆಕ್ಟ್ ಅಂತ ಹೆಸರು ಹಾಕಿಕೊಳ್ಳಬಹುದು, ಆದರೆ ಈ ಕೆಲಸ ಬೇರೆಯವರು ಮಾಡೋದಕ್ಕೆ ಆ ಕಾಯ್ದೆಯ ಅಡ್ಡಿ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ನಕ್ಷೆ ಆದ ಮೇಲೂ ನಾನು ಏನೇನು ನೋಡಿಕೊಳ್ಳುತ್ತೇನೆ ಅಂತ ಬಾಯಿಬಿಟ್ಟು ಹೇಳಲೇಬೇಕು. ಆ ಎರಡು ಪುಟ ಮುಂದಿಟ್ಟರೆ ಹೇಳೋದು ಸುಲಭ.

ಡ್ರಾಯಿಂಗಿಗೆ ಒಂದು ಉದ್ದನೆಯ ರಿಜಿಸ್ಟರ್ ಇಟ್ಟಿದ್ದೇನೆ. ಪ್ರತಿ ಹಾಳೆಗೂ ಎಷ್ಟನೇ ಬದಲಾವಣೆ ಅಂತ ತಿಳಿಸೋ ಆರ್-0, ಆರ್-1 ಅನ್ನೋ ನಂಬರು, ತಾರೀಖು, ತಗೊಂಡವರ ಸಹಿ. ಹೊಸದು ಕೊಡುವಾಗ ಹಳೇದನ್ನ ವಾಪಸ್ ಇಸ್ಕೊಂಡು ಅದರ ಮೇಲೆ ಕೆಂಪು ಇಂಕಿನಲ್ಲಿ "ರದ್ದು" ಅಂತ ಸೀಲ್ ಒತ್ತುತ್ತೇವೆ. ಸೀಲ್ ಗಂಜ್ ಹತ್ತಿರ ಮಾಡಿಸಿದ್ದು. ಈಗ ಅದೇ ಮೇಸ್ತ್ರಿ ಫೋನ್ ಮಾಡಿ, "ಆರ್-ಎರಡು ಅದ ರೀ, ಇದಾದ ಮ್ಯಾಲೆ ಮತ್ತೇನರ ಬಂದದೇನು?" ಅಂತ ಕೇಳಿಯೇ ಸೆಂಟ್ರಿಂಗ್ ಶುರು ಮಾಡುತ್ತಾರೆ.

ಸ್ಟ್ರಕ್ಚರಲ್ ಎಂಜಿನಿಯರ್ ವಿಷಯದಲ್ಲಿ ಬಳ್ಳಾರಿಯ ಹಿರಿಯರು ಬಹಳ ಕಟ್ಟುನಿಟ್ಟು. ನಮ್ಮದು ಎರೆ ಭೂಮಿ. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ, ಅದರ ಜೊತೆ ಗೋಡೆಯೂ ಬಿರುಕು ಬಿಡುತ್ತದೆ. ಪಕ್ಕದ ಮನೆಗೆ ಹಾಕಿದ ಪಾಯ ನಮಗೂ ಸಾಕು ಅಂತ ಮಾಲೀಕರು ಎಷ್ಟೇ ಹೇಳಿದರೂ ಈಗ ಮಣ್ಣು ಪರೀಕ್ಷೆ ಆಗದೆ ಪಾಯದ ಡ್ರಾಯಿಂಗ್ ಬಿಡುವುದಿಲ್ಲ. ಅಂಡರ್ ರೀಮ್ಡ್ ಪೈಲ್ (ನೆಲದೊಳಗೆ ಆಳಕ್ಕೆ ಇಳಿಸುವ, ಬುಡದಲ್ಲಿ ಅಗಲ ಆಗುವ ಕಾಂಕ್ರೀಟ್ ಕಂಬ) ಬೇಕೋ ಬೇಡವೋ ಅನ್ನೋದು ಎಂಜಿನಿಯರ್ ಮಾತು. ಅವರ ಫೀ ಬೇರೆ, ಸಹಿ ಬೇರೆ.

ಲೆಕ್ಕಕ್ಕೆ ಸಿಎ ಇಟ್ಟುಕೊಂಡಿದ್ದೇನೆ. ಸರ್ವಿಸ್ ಕೆಲಸದವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ನಮ್ಮ ಫೀ ಮೇಲೆ 18% ತೆರಿಗೆ. ಕೊಟೇಶನ್‌ನಲ್ಲಿ ಜಿಎಸ್‌ಟಿ ಪ್ರತ್ಯೇಕ ಅಂತ ಒಂದು ಸಾಲು ಬರೆಯದೆ ಎರಡು ಕೆಲಸಕ್ಕೆ ಕೈಯಿಂದ ಕಟ್ಟಿದ್ದೇನೆ.

ಕೊಪ್ಪಳ, ಬಳ್ಳಾರಿ ಕಡೆ ಒಬ್ಬರೇ ಆಫೀಸು ನಡೆಸುವವರು ಇದ್ದರೆ ಕೇಳಿ, ಆ ಕನ್ನಡದ ಒಪ್ಪಂದದ ಪ್ರತಿ ಕೊಡುತ್ತೇನೆ. ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ, ಆಮೇಲೆ ಬಳಸಿ.