ನಾಲ್ಕು ವಿಷಯ, ಎರಡು ಪತ್ರಿಕೆ: ನರ್ಸಿಂಗ್ ಮೊದಲ ವರ್ಷದ ಪರೀಕ್ಷೆಗಳಿಗೆ ನಾನು ಓದಿದ ರೀತಿ

ನರ್ಸಿಂಗ್ ಮೊದಲ ವರ್ಷ ಅಂದ್ರೆ ಇಂಜೆಕ್ಷನ್, ಬ್ಯಾಂಡೇಜು, ಬಿಳಿ ಏಪ್ರನ್ ಅಂತ ಮನೆಯವರು ಅಂದುಕೊಂಡಿರುತ್ತಾರೆ. ನಿಜ ಹೇಳಬೇಕಂದ್ರೆ ಅದು ಸೈನ್ಸ್ ಪರೀಕ್ಷೆಗಳ ವರ್ಷ. ನಾನು ಓದಿದ್ದು ದಾವಣಗೆರೆಯಲ್ಲಿ. ಹತ್ತನೇ ಕ್ಲಾಸಿನವರೆಗೆ ಜಗಳೂರು ಕಡೆಯ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಈಗ ವಾರ್ಡಿನಲ್ಲಿ ಡ್ಯೂಟಿ ಮಾಡುತ್ತಿದ್ದೇನೆ. ನಮ್ಮ ಕಡೆಯಿಂದ ಹೊಸದಾಗಿ ಸೇರಿದ ಹುಡುಗಿಯರು ಫೋನ್ ಮಾಡಿದರೆ ಕೇಳುವುದು ಒಂದೇ, "ಅಕ್ಕಾ, ಇಷ್ಟೆಲ್ಲಾ ಹೆಂಗೆ ಓದಿದ್ರಿ?" ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹೊರೆ ಎಷ್ಟು ಅಂತ ನೋಡೋಣ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2021-22ರಿಂದ ಬಿಎಸ್ಸಿ ನರ್ಸಿಂಗನ್ನು ಸೆಮಿಸ್ಟರ್ ಮಾಡಿತು, ನಾವೇ ಮೊದಲ ಬ್ಯಾಚ್. ಮೊದಲ ಸೆಮಿಸ್ಟರಿನಲ್ಲಿ ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ಅಂಗಗಳು ಕೆಲಸ ಮಾಡುವ ರೀತಿ), ಸೋಶಿಯಾಲಜಿ, ಸೈಕಾಲಜಿ, ಇದರ ಜೊತೆ ನರ್ಸಿಂಗ್ ಫೌಂಡೇಶನ್, ಇಂಗ್ಲಿಷ್. ಯೂನಿವರ್ಸಿಟಿ ಪರೀಕ್ಷೆ ಅಂತ ನೋಡಿದರೆ ಬರೇ ಎರಡು ಪತ್ರಿಕೆ. ಅನಾಟಮಿ ಮತ್ತು ಫಿಸಿಯಾಲಜಿ ಸೇರಿ ಒಂದು, ಸೋಶಿಯಾಲಜಿ ಮತ್ತು ಸೈಕಾಲಜಿ ಸೇರಿ ಇನ್ನೊಂದು. ಒಂದೊಂದೂ 75 ಅಂಕ, ಕಾಲೇಜಿನಲ್ಲೇ ಕೊಡುವ ಇಂಟರ್ನಲ್ 25. ಎರಡೇ ಅಲ್ವಾ ಅಂತ ಅನ್ನಿಸುತ್ತೆ. ಆದರೆ ಓದಬೇಕಾದ್ದು ನಾಲ್ಕು ಪೂರ್ತಿ ವಿಷಯ. ಮಧ್ಯದಲ್ಲಿ ಇಂಟರ್ನಲ್ಸ್, ಅಸೈನ್‌ಮೆಂಟ್, ಪ್ರೊಸೀಜರ್ ಬುಕ್, ಲ್ಯಾಬಿನಲ್ಲಿ ಬೆಡ್ ಮೇಕಿಂಗ್ ತೋರಿಸಿ ಸಹಿ ಹಾಕಿಸಿಕೊಳ್ಳುವುದು. ಯಾವುದೋ ಒಂದು ಪರೀಕ್ಷೆ ಕಷ್ಟ ಅನ್ನುವುದಕ್ಕಿಂತ ಎಲ್ಲವೂ ಒಂದೇ ವಾರದಲ್ಲಿ ಬಂದು ಬೀಳುವುದೇ ಕಷ್ಟ.

ಈಗ ನನ್ನ ಮುಖ್ಯ ಮಾತು. ಸಿಲಬಸ್ ತೆಗೆದು ನೋಡಿ, ಈ ನಾಲ್ಕೂ ವಿಷಯಕ್ಕೆ 60 ಗಂಟೆ ಥಿಯರಿ ಅಂತ ಒಂದೇ ಸಮ ಕೊಟ್ಟಿದ್ದಾರೆ. ಹಾಸ್ಟೆಲಿನಲ್ಲಿ ಎಲ್ಲರೂ ಹಾಗೇ ಟೈಮ್ ಟೇಬಲ್ ಹಾಕಿ ಗೋಡೆಗೆ ಅಂಟಿಸುತ್ತಾರೆ. ಸೋಮವಾರ ಅನಾಟಮಿ, ಮಂಗಳವಾರ ಸೋಶಿಯಾಲಜಿ. ಬಣ್ಣಬಣ್ಣದ ಸ್ಕೆಚ್ ಪೆನ್ನು ಬೇರೆ. ನಾನು ಹಾಗೆ ಹಾಕಲಿಲ್ಲ. ಎಷ್ಟು ಪುಟ ಇದೆ ಅಂತ ನೋಡದೆ, ಓದಿದ್ದು ಎಷ್ಟು ಬೇಗ ಮರೆತುಹೋಗುತ್ತೆ ಅಂತ ನೋಡಿ ಸಮಯ ಹಂಚಿದೆ. ಸೋಶಿಯಾಲಜಿಯಲ್ಲಿ ಕುಟುಂಬ, ಮದುವೆ, ಜಾತಿ, ಹಳ್ಳಿ ಮತ್ತು ಪಟ್ಟಣ ಅಂತ ಬರುತ್ತೆ. ಅದು ನಮ್ಮ ಮನೆ ಜಗಲಿ ಮೇಲೆ ದಿನಾ ನಡೆಯುವ ಮಾತು, ಓದಿದರೆ ತಲೆಯಲ್ಲಿ ಉಳಿಯುತ್ತೆ. ಮೆದುಳಿನಿಂದ ಹೊರಡುವ ಕ್ರೇನಿಯಲ್ ನರ್ವ್ 12 ಜೊತೆ ಇವೆ, ಅವುಗಳ ಹೆಸರು ನಾಲ್ಕು ದಿನ ಬಿಟ್ಟರೆ ಹೋಯಿತು. ಆದ್ದರಿಂದ ಅನಾಟಮಿ ಮತ್ತು ಫಿಸಿಯಾಲಜಿ ದಿನಾ ಬೆಳಿಗ್ಗೆ, ಒಂದು ದಿನವೂ ತಪ್ಪದೆ. ಸ್ವಲ್ಪ ಹೊತ್ತಾದರೂ ಸರಿ. ಸೈಕಾಲಜಿ ವಾರಕ್ಕೆ ಎರಡು ಸಂಜೆ. ಸೋಶಿಯಾಲಜಿ ಪರೀಕ್ಷೆಗೆ ಮೂರು ವಾರ ಇದ್ದಾಗ. ಮೊನ್ನೆ ಒಬ್ಬಳು ಫೋನಿನಲ್ಲಿ, "ಸೋಶಿಯಾಲಜಿ ಇನ್ನೂ ಮುಟ್ಟೇ ಇಲ್ಲ ಅಕ್ಕಾ, ಭಯ ಆಗ್ತೈತಿ" ಅಂದಳು. "ಕ್ಲಾಸಿನಲ್ಲಿ ಕೂತು ಕೇಳು ಸಾಕು, ಈಗಲೇ ಮುಟ್ಟಬೇಡ ಬಿಡು" ಅಂದೆ. ಇದನ್ನು ಸೋಶಿಯಾಲಜಿ ಮೇಡಂ ಓದಿದರೆ ಬೇಜಾರಾಗಬಹುದು, ಆದರೂ ನನ್ನ ಅಭಿಪ್ರಾಯ ಇದೇ.

ಎರಡನೇದು, ಅನಾಟಮಿ ಬೇರೆ ಫಿಸಿಯಾಲಜಿ ಬೇರೆ ಅಂತ ಓದಬೇಡಿ. ಪತ್ರಿಕೆಯಲ್ಲಿ ಎ ಸೆಕ್ಷನ್ ಅನಾಟಮಿ 37 ಅಂಕ, ಬಿ ಸೆಕ್ಷನ್ ಫಿಸಿಯಾಲಜಿ 38. ಅಂದ್ರೆ ಫಿಸಿಯಾಲಜಿಯೇ ಒಂದು ಅಂಕ ಮುಂದೆ. ಆದರೆ ಅನಾಟಮಿಗೆ ಹೆದರಿ ಎಲ್ಲರೂ ಮೂಳೆ ಹಿಡಿದುಕೊಂಡು ಕೂರುತ್ತಾರೆ, ಫಿಸಿಯಾಲಜಿ ಹಿಂದೆ ಬೀಳುತ್ತೆ. ನಾನು ಅಂಗದ ಲೆಕ್ಕದಲ್ಲಿ ಓದಿದೆ. ಈ ವಾರ ಹೃದಯ ಅಂದ್ರೆ ಎರಡೂ ಪುಸ್ತಕದಲ್ಲಿ ಹೃದಯ.

ಹೃದಯವನ್ನೇ ಹೇಳುತ್ತೇನೆ. ಒಂದು ಬಿಳಿ ಹಾಳೆ, ಒಂದು ಕೆಂಪು ಪೆನ್ಸಿಲ್, ಒಂದು ನೀಲಿ. ಪುಸ್ತಕ ಮುಚ್ಚಿ ನಾಲ್ಕು ಕೋಣೆ ಬರೆಯುವುದು, ಮೇಲೆ ಎರಡು ಏಟ್ರಿಯಮ್, ಕೆಳಗೆ ಎರಡು ವೆಂಟ್ರಿಕಲ್. ಬಲ ಏಟ್ರಿಯಮ್ಮಿಗೆ ಮೇಲಿಂದ ಸುಪೀರಿಯರ್ ವೀನಾ ಕೇವಾ, ಕೆಳಗಿಂದ ಇನ್ಫೀರಿಯರ್, ಎರಡೂ ನೀಲಿ. ಟ್ರೈಕಸ್ಪಿಡ್ ವಾಲ್ವ್ ದಾಟಿ ಬಲ ವೆಂಟ್ರಿಕಲ್, ಅಲ್ಲಿಂದ ಪಲ್ಮನರಿ ಆರ್ಟರಿ. ಇಲ್ಲಿ ಸುಮಾರು ಜನ ಆರ್ಟರಿ ಅಂತ ಕೆಂಪು ಪೆನ್ಸಿಲ್ ಎತ್ತುತ್ತಾರೆ. ಅದರಲ್ಲಿ ಹೋಗುವುದು ಆಕ್ಸಿಜನ್ ಕಮ್ಮಿ ಇರುವ ರಕ್ತ, ನೀಲಿಯೇ ಬೇಕು. ಶ್ವಾಸಕೋಶದಿಂದ ನಾಲ್ಕು ಪಲ್ಮನರಿ ವೇನ್ ಕೆಂಪಾಗಿ ಎಡ ಏಟ್ರಿಯಮ್ಮಿಗೆ, ಮೈಟ್ರಲ್ ವಾಲ್ವ್, ಎಡ ವೆಂಟ್ರಿಕಲ್, ಏಯೋರ್ಟಾ. ಎಡ ವೆಂಟ್ರಿಕಲ್ ಗೋಡೆ ದಪ್ಪ ಬರೆಯಬೇಕು, ಯಾಕಂದ್ರೆ ಅದು ಇಡೀ ಮೈಗೆ ರಕ್ತ ನೂಕಬೇಕು. ಇಲ್ಲಿಗೆ ಅನಾಟಮಿ ಮುಗಿಯಿತು. ಈಗ ಅದೇ ಹಾಳೆಯ ಮೇಲೆ ಫಿಸಿಯಾಲಜಿ. ಎಸ್‌ಎ ನೋಡ್, ಅಂದ್ರೆ ಬಡಿತ ಶುರುವಾಗುವ ಜಾಗ, ಎಲ್ಲಿ ಅಂತ ಒಂದು ಚುಕ್ಕೆ, ಅಲ್ಲಿಂದ ಎವಿ ನೋಡಿಗೆ ಬಾಣ. ಲಬ್ ಅನ್ನುವ ಮೊದಲ ಶಬ್ದ ಟ್ರೈಕಸ್ಪಿಡ್ ಮತ್ತು ಮೈಟ್ರಲ್ ಮುಚ್ಚಿದಾಗ, ಡಬ್ ಅನ್ನುವುದು ಏಯೋರ್ಟಿಕ್ ಮತ್ತು ಪಲ್ಮನರಿ ವಾಲ್ವ್ ಮುಚ್ಚಿದಾಗ. ಒಂದು ಬಡಿತಕ್ಕೆ ಸುಮಾರು 70 ಮಿಲಿ, ನಿಮಿಷಕ್ಕೆ 72 ಬಡಿತ, ಗುಣಿಸಿದರೆ 5 ಲೀಟರ್ ಚಿಲ್ಲರೆ, ಅದೇ ಕಾರ್ಡಿಯಾಕ್ ಔಟ್‌ಪುಟ್. ಒಂದೇ ಹಾಳೆಯಲ್ಲಿ ಹತ್ತು ಅಂಕದ ಪ್ರಶ್ನೆ ಎರಡು ಸೆಕ್ಷನ್ನಿಗೂ ತಯಾರು.

ಕಿಡ್ನಿಗೂ ಹೀಗೇ. ಕಿಡ್ನಿಯೊಳಗೆ ರಕ್ತ ಸೋಸುವ ಸಣ್ಣ ಘಟಕ ನೆಫ್ರಾನ್, ಅದರ ಚಿತ್ರ ಬರೆದು ಪಕ್ಕದಲ್ಲೇ ಲೆಕ್ಕ. ನಿಮಿಷಕ್ಕೆ 125 ಮಿಲಿ ಸೋಸುತ್ತೆ ಅಂದ್ರೆ ದಿನಕ್ಕೆ 180 ಲೀಟರ್. ಮೂತ್ರ ಬರುವುದು ಒಂದೂವರೆ ಲೀಟರ್ ಅಷ್ಟೇ. ಉಳಿದದ್ದೆಲ್ಲ ಎಲ್ಲಿಗೆ ಹೋಯಿತು ಅಂತ ಕೇಳಿಕೊಂಡರೆ ರೀಅಬ್ಸಾರ್ಪ್ಶನ್ (ಸೋಸಿದ್ದು ಮತ್ತೆ ರಕ್ತಕ್ಕೇ ಹೋಗುವುದು) ಪಾಠ ಸುಮ್ನೆ ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ಕನ್ನಡ ಮಾಧ್ಯಮದವರ ಭಯ ನನಗೆ ಗೊತ್ತು. ಪಿಯುಸಿ ಮೊದಲ ವರ್ಷದಲ್ಲೇ ಇಂಗ್ಲಿಷ್ ಪುಸ್ತಕ ನೋಡಿ ಅರ್ಧ ಜೀವ ಹೋಗಿತ್ತು. ನರ್ಸಿಂಗಿಗೆ ಬಂದರೆ ಹೆಸರುಗಳು ಇನ್ನೂ ಉದ್ದ. ಒಂದು ಸಣ್ಣ ನೋಟ್‌ಬುಕ್ ಇಟ್ಟು ತುಂಡುಗಳನ್ನು ಬರೆದುಕೊಂಡೆ: ಐಟಿಸ್ ಅಂದ್ರೆ ಉರಿಯೂತ, ಹೆಪಟೊ ಅಂದ್ರೆ ಲಿವರ್, ನೆಫ್ರೊ ಅಂದ್ರೆ ಕಿಡ್ನಿ, ಬ್ರ್ಯಾಡಿ ನಿಧಾನ, ಟ್ಯಾಕಿ ಜೋರು. ಪಾಠ ಮೊದಲು ನನ್ನ ಮಾತಿನಲ್ಲಿ ಕನ್ನಡದಲ್ಲೇ ಅರ್ಥ ಮಾಡಿಕೊಂಡೆ, ರೂಮ್‌ಮೇಟಿಗೂ ಕನ್ನಡದಲ್ಲೇ ವಿವರಿಸಿದೆ, ಆಮೇಲೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರೆದೆ. ವಾಕ್ಯ ಚಿಕ್ಕದಿದ್ದರೆ ಏನೂ ತೊಂದರೆ ಇಲ್ಲ. ಪಾಯಿಂಟ್ ಮತ್ತು ಲೇಬಲ್ ಹಾಕಿದ ಚಿತ್ರ ಇದ್ದರೆ ಗ್ರಾಮರ್ ಯಾರೂ ಅಷ್ಟು ನೋಡುವುದಿಲ್ಲ.

ಓದುವ ರೀತಿ ಬಗ್ಗೆ ಹೇಳಬೇಕು. ತಮಾಷೆ ಏನಂದ್ರೆ ಅದರ ಉತ್ತರ ನಮ್ಮ ಸೈಕಾಲಜಿ ಸಿಲಬಸ್ಸಿನಲ್ಲೇ ಇದೆ. ನೆನಪು ಮತ್ತು ಮರೆವು ಅಂತ ಒಂದು ಭಾಗ ಬರುತ್ತೆ. ಅದರಲ್ಲಿ ಎಬ್ಬಿಂಗ್‌ಹಾಸ್ ಅಂತ ಜರ್ಮನಿಯವನು, ಅರ್ಥವೇ ಇಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಅಂತ ಅಳೆದು 1885ರಲ್ಲಿ ಪುಸ್ತಕ ಮಾಡಿದ. ಮರೆಯುವುದು ಮೊದಲಲ್ಲೇ ಜಾಸ್ತಿ, ಆಮೇಲಾಮೇಲೆ ನಿಧಾನ. ಎಲ್ಲರೂ ಆ ಕರ್ವ್ ಬರೆದು ಐದು ಅಂಕ ತಗೊಂಡು ಪುಸ್ತಕ ಮುಚ್ಚುತ್ತಾರೆ. ನಾನು ಅದನ್ನು ಅನಾಟಮಿಗೆ ಹಚ್ಚಿದೆ. ಇವತ್ತು ಓದಿದ್ದನ್ನು ನಾಳೆ ಬೆಳಿಗ್ಗೆ ಮತ್ತೆ ಓದುವುದಿಲ್ಲ, ಖಾಲಿ ಹಾಳೆಯ ಮೇಲೆ ನೆನಪಿನಿಂದ ಬರೆಯುವುದು. ಬರದ ಜಾಗ ಖಾಲಿ ಬಿಡುವುದು. ಆಮೇಲೆ ಪುಸ್ತಕ ತೆಗೆದು ಖಾಲಿ ಬಿಟ್ಟದ್ದನ್ನು ಮಾತ್ರ ಓದುವುದು. ಒಂದು ವಾರ ಬಿಟ್ಟು ಇನ್ನೊಂದು ಸಲ. ಹೈಲೈಟರ್ ಹಚ್ಚಿ ಹಚ್ಚಿ ಪುಟ ಹಳದಿ ಮಾಡಿದರೆ ಓದಿದ ಸಮಾಧಾನ ಸಿಗುತ್ತೆ, ಆದರೆ ಹಾಳೆ ಮೇಲೆ ಬರೆಯಲು ಕೂತಾಗ ಕೈ ನಿಲ್ಲುತ್ತೆ. ಅದು ಪರೀಕ್ಷಾ ಹಾಲಿನಲ್ಲಿ ನಿಲ್ಲುವುದಕ್ಕಿಂತ ರೂಮಿನಲ್ಲಿ ನಿಲ್ಲುವುದು ವಾಸಿ.

ಹಳೇ ಪ್ರಶ್ನೆಪತ್ರಿಕೆ ನಮಗೆ ಇರಲಿಲ್ಲ, ಮೊದಲ ಬ್ಯಾಚ್ ಅಲ್ವಾ. ಸೀನಿಯರ್ ಅಕ್ಕಂದಿರ ಹತ್ತಿರ ಇದ್ದದ್ದು ವಾರ್ಷಿಕ ಪದ್ಧತಿಯವು. ಅವರಿಗೆ ಮೊದಲ ವರ್ಷದಲ್ಲೇ ಮೈಕ್ರೋಬಯಾಲಜಿ ಇತ್ತು, ಸೋಶಿಯಾಲಜಿ ಎರಡನೇ ವರ್ಷ. ನಮಗೆ ಅದು ಅದಲು ಬದಲು. ಆದರೂ ಅನಾಟಮಿ ಮತ್ತು ಫಿಸಿಯಾಲಜಿ ಭಾಗ ತೆಗೆದುಕೊಂಡು ಬರೆದೆ. ಲಿವರ್, ಕಿಡ್ನಿ, ಹೃದಯ ಯಾವ ಪದ್ಧತಿ ಬಂದರೂ ಬದಲಾಗುವುದಿಲ್ಲ. ಈಗಿನವರಿಗೆ ಸೆಮಿಸ್ಟರ್ ಪತ್ರಿಕೆಗಳೇ ಸಿಗುತ್ತವೆ, ಗೈಡ್ ಕೊಳ್ಳುವ ಮೊದಲು ಅವನ್ನು ಒಟ್ಟು ಮಾಡಿ.

ಇಂಟರ್ನಲ್ 25 ಅಂಕದ ವಿಷಯದಲ್ಲಿ ನಾನು ಸ್ವಲ್ಪ ಜಿಪುಣಿ. ಅಸೈನ್‌ಮೆಂಟ್ ಕೊಟ್ಟ ವಾರವೇ ಮುಗಿಸುತ್ತಿದ್ದೆ, ಚೆನ್ನಾಗಿ ಅಂತಲ್ಲ, ಮುಗಿಯಲಿ ಅಂತ. ಇಪ್ಪತ್ತು ಪುಟದ ಅಸೈನ್‌ಮೆಂಟಿಗೆ ಬಾರ್ಡರ್, ಗ್ಲಿಟರ್, ಕವರ್ ಪೇಜ್ ಅಂತ ರಾತ್ರಿ ಕೂರುವವರನ್ನು ನೋಡಿದರೆ ಈಗಲೂ ನನಗೆ ಅರ್ಥವಾಗುವುದಿಲ್ಲ. ಇಂಟರ್ನಲ್ ವೈವಾಕ್ಕೆ ಮೂಳೆಯನ್ನು ಕೈಯಲ್ಲಿ ಹಿಡಿದು ಕಲಿಯಬೇಕು. ತೋಳಿನ ಮೂಳೆ ಹ್ಯೂಮರಸ್ ಕೊಟ್ಟು ಎಡಗಡೆಯದೋ ಬಲಗಡೆಯದೋ ಅಂತ ಕೇಳುತ್ತಾರೆ. ಅದರ ತಲೆ ಮೈ ಕಡೆಗೆ ತಿರುಗಿರಬೇಕು, ನನ್ನ ಭುಜದ ಪಕ್ಕ ಹಿಡಿದು ನೋಡಿ ಹೇಳುತ್ತಿದ್ದೆ.

ಪಾಸಾಗಲು ಥಿಯರಿಯಲ್ಲೂ ಪ್ರಾಕ್ಟಿಕಲ್ಲಿನಲ್ಲೂ ಬೇರೆಬೇರೆಯಾಗಿ 50 ಪರ್ಸೆಂಟ್ ಬೇಕು. ನಾವು ಪಿಯುಸಿ ಓದುವಾಗ ಪಾಸಿಗೆ ಇದ್ದ 35ರ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಹಾಜರಾತಿಯೂ ಥಿಯರಿಗೆ 80 ಪರ್ಸೆಂಟ್. ಆದ್ದರಿಂದ ಮನೆಯಲ್ಲಿ ಕೂತು ಓದುತ್ತೇನೆ ಅಂತ ಊರಿಗೆ ಹೋಗಿಬಿಡುವ ಯೋಜನೆ ಬಿಟ್ಟುಬಿಡಿ. ಊರಿಗೆ ಹೋದರೆ ಓದಲೂ ಆಗುವುದಿಲ್ಲ. ಮೆಕ್ಕೆಜೋಳ ಮುರಿಯುವ ಕಾಲದಲ್ಲಿ ಎಲ್ಲರೂ ಹೊಲದಲ್ಲಿರುವಾಗ ನಾನೊಬ್ಬಳು ಪುಸ್ತಕ ಹಿಡಿದು ಕೂತರೆ ನನಗೇ ಕಸಿವಿಸಿ. ಅವ್ವನಿಗೆ ಫೋನಿನಲ್ಲೇ ಹೇಳಿದೆ, "ಪರೀಕ್ಷೆ ಮುಗಿಯೋವರೆಗೂ ಮದುವೆ, ಸೀಮಂತ ಯಾವುದಕ್ಕೂ ಕರೀಬೇಡವ್ವ." ಅತ್ತೆ ಒಬ್ಬರು ಸಿಟ್ಟಾದರು, ಆಮೇಲೆ ಸರಿಹೋದರು. ಹಾಗಂತ ಎಲ್ಲವನ್ನೂ ಬಿಡಲಿಲ್ಲ. ದುಗ್ಗಮ್ಮನ ಜಾತ್ರೆ ಬರುವುದೇ ಎರಡು ವರ್ಷಕ್ಕೊಮ್ಮೆ, ಅದಕ್ಕೆ ಹೋಗದಿದ್ದರೆ ದಾವಣಗೆರೆಯಲ್ಲಿ ಇದ್ದೂ ಏನು ಪ್ರಯೋಜನ? ಭಾನುವಾರ ಸಂಜೆ ಪುಸ್ತಕ ಮುಟ್ಟುತ್ತಿರಲಿಲ್ಲ. ಕುಂದವಾಡ ಕೆರೆ ಏರಿ ಮೇಲೆ ಒಂದು ಸುತ್ತು, ಬರುವಾಗ ಮಂಡಕ್ಕಿ ಮಿರ್ಚಿ. ನಿದ್ದೆ ಕಟ್ ಮಾಡಿ ಓದುವುದೂ ನನಗೆ ಹಿಡಿಸಲಿಲ್ಲ. ಓದಿದ್ದು ಗಟ್ಟಿಯಾಗುವುದೇ ನಿದ್ದೆಯಲ್ಲಿ. ರಾತ್ರಿ ಮೂರು ಗಂಟೆವರೆಗೂ ಲೈಟ್ ಹಾಕಿದ್ದವರು ಬೆಳಿಗ್ಗೆ ಲ್ಯಾಬಿನಲ್ಲಿ ನಿಂತಲ್ಲೇ ತೂಕಡಿಸುತ್ತಿದ್ದರು.

ಪರೀಕ್ಷೆ ದಿನದ ಲೆಕ್ಕ: ಮೂರು ಗಂಟೆ, 75 ಅಂಕ. ಒಂದು ಅಂಕಕ್ಕೆ ಎರಡು ನಿಮಿಷ ಅಂತ ಇಟ್ಟುಕೊಂಡರೆ 150 ನಿಮಿಷ, ಚಿತ್ರಕ್ಕೂ ತಿರುಗಿ ನೋಡುವುದಕ್ಕೂ ಅರ್ಧ ಗಂಟೆ ಉಳಿಯುತ್ತೆ. ಹತ್ತು ಅಂಕದ ಪ್ರಶ್ನೆಗೆ ಇಪ್ಪತ್ತು ನಿಮಿಷ ಆಯಿತು ಅಂದ್ರೆ ಎಷ್ಟೇ ಚೆನ್ನಾಗಿ ಬರುತ್ತಿದ್ದರೂ ನಿಲ್ಲಿಸಿ ಮುಂದೆ ಹೋಗುತ್ತಿದ್ದೆ. ಗೊತ್ತಿರುವ ಪ್ರಶ್ನೆಗೆ ಎಂಟು ಪುಟ ತುಂಬಿಸಿ ಕೊನೆಗೆ ಎರಡು ಅಂಕದ ಪ್ರಶ್ನೆಗಳನ್ನು ಬಿಟ್ಟು ಬರುವವರೇ ಜಾಸ್ತಿ. ಒಂದು ಪತ್ರಿಕೆ ಮುಗಿದ ಮೇಲೆ ಗೇಟಿನ ಹತ್ತಿರ ನಿಂತು ಉತ್ತರ ತಾಳೆ ನೋಡುವುದನ್ನೂ ಮಾಡಲಿಲ್ಲ. ಸೀದಾ ರೂಮಿಗೆ ಬಂದು ಉಂಡು ಮಲಗುವುದು, ಸಂಜೆ ಮುಂದಿನ ಪತ್ರಿಕೆ.

ಎರಡನೇ ಸೆಮಿಸ್ಟರಿನಲ್ಲಿ ಇದೇ ಲೆಕ್ಕ ಇನ್ನೂ ಚೆನ್ನಾಗಿ ಕೈಹಿಡಿಯಿತು. ಬಯೋಕೆಮಿಸ್ಟ್ರಿ ಮತ್ತು ನ್ಯೂಟ್ರಿಶನ್ ಸೇರಿ ಒಂದು ಪತ್ರಿಕೆ, ಅದರಲ್ಲಿ ಬಯೋಕೆಮಿಸ್ಟ್ರಿಗೆ 25, ನ್ಯೂಟ್ರಿಶನ್ನಿಗೆ 50. ಕ್ರೆಬ್ಸ್ ಸೈಕಲ್ (ಜೀವಕೋಶ ಆಹಾರದಿಂದ ಶಕ್ತಿ ಪಡೆಯುವ ಕ್ರಿಯೆ) ಹೆಸರು ಕೇಳಿ ಹೆದರಿ ಹಗಲು ರಾತ್ರಿ ಬಯೋಕೆಮಿಸ್ಟ್ರಿ ಓದಿ, ನ್ಯೂಟ್ರಿಶನ್ ತಾನಾಗಿ ಬರುತ್ತೆ ಅಂತ ಬಿಟ್ಟರೆ ಲೆಕ್ಕ ಉಲ್ಟಾ. ನ್ಯೂಟ್ರಿಶನ್ ನಮ್ಮ ಅಡುಗೆಮನೆಯಲ್ಲೇ ಇದೆ ನಿಜ, ಆದರೆ ರಾಗಿ ಒಳ್ಳೇದು ಅಂತ ಬರೆದರೆ ಅಂಕ ಬರುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಅಂತ ಬರೆಯಬೇಕು. ಒಂದು ಗ್ರಾಂ ಕಾರ್ಬೋಹೈಡ್ರೇಟಿಗೆ 4 ಕಿಲೋಕ್ಯಾಲರಿ, ಪ್ರೋಟೀನಿಗೆ 4, ಕೊಬ್ಬಿಗೆ 9. ಇದನ್ನು ಹಾಸ್ಟೆಲ್ ತಟ್ಟೆಗೆ ಹಚ್ಚಿ ದಿನಾ ಊಟದ ಹೊತ್ತಿಗೆ ಲೆಕ್ಕ ಹಾಕುತ್ತಿದ್ದೆವು, ನಮ್ಮ ಮೆಸ್ಸಿನ ಸಾರಿನಲ್ಲಿ ಬೇಳೆ ಎಷ್ಟು ಅನ್ನುವ ಜಗಳವೂ ಅಲ್ಲೇ ಶುರುವಾಗುತ್ತಿತ್ತು.

ಮೈಕ್ರೋಬಯಾಲಜಿ ಈಗ ಮೂರನೇ ಸೆಮಿಸ್ಟರಿನಲ್ಲಿದೆ, ಇನ್ಫೆಕ್ಷನ್ ಕಂಟ್ರೋಲ್ ಜೊತೆ ಒಂದೇ ಪತ್ರಿಕೆ. ಅದಕ್ಕೆ ಮೊದಲ ವರ್ಷದ ಪೋಸ್ಟಿಂಗಿನಲ್ಲೇ ಅರ್ಧ ಓದಿಕೊಳ್ಳಬಹುದು. ವಾರ್ಡಿನಲ್ಲಿ ಹಳದಿ ಚೀಲಕ್ಕೆ ಏನು ಹಾಕುತ್ತಾರೆ, ಕೆಂಪು ಚೀಲಕ್ಕೆ ಏನು, ಸೂಜಿ ಯಾಕೆ ಬಿಳಿ ಡಬ್ಬಿಗೇ ಹೋಗಬೇಕು ಅಂತ ಸಿಸ್ಟರನ್ನು ಕೇಳಿ. ಆವಿಯಿಂದ ಉಪಕರಣಗಳ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಹತ್ತಿರ ಹೋಗಿ ಮೀಟರ್ ನೋಡಿ, 121 ಡಿಗ್ರಿ, 15 ಪೌಂಡ್ ಪ್ರೆಶರ್. ನೋಡಿದ ದಿನವೇ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಸೀನಿಯರ್ ಅಕ್ಕಂದಿರ ಹಳೇ ಮೈಕ್ರೋ ನೋಟ್ಸ್ ಸಿಕ್ಕರೆ ಜೆರಾಕ್ಸ್ ಮಾಡಿಸಿ ಅದರ ಜೊತೆಗೇ ಇಟ್ಟುಕೊಳ್ಳಿ.