ಮೂಡುವ ದಾರಿ, ಮುಳುಗುವ ದಾರಿ

ದ್ವಿತೀಯ ಪಿಯುಸಿಗೆ ವಿದ್ಯುತ್ ರಸಾಯನಶಾಸ್ತ್ರ ಪಾಠ ಮಾಡುವಾಗ ಮಕ್ಕಳು ತಪ್ಪದೆ ಎಡವುವ ಜಾಗವೊಂದಿದೆ. ಆನೋಡ್ ಎಂದರೆ ಧನಾಗ್ರ, ಕ್ಯಾಥೋಡ್ ಎಂದರೆ ಋಣಾಗ್ರ ಎಂದು ಹೈಸ್ಕೂಲಿನಿಂದಲೇ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಸತು ಮತ್ತು ತಾಮ್ರದ ಪಟ್ಟಿಗಳನ್ನು ದ್ರಾವಣದಲ್ಲಿ ಇಳಿಬಿಟ್ಟು ವಿದ್ಯುತ್ ಪಡೆಯುವ ಡೇನಿಯಲ್ ಕೋಶದ ಚಿತ್ರದಲ್ಲಿ ಸತುವಿನ ಪಟ್ಟಿಯ ಮೇಲೆ ಆನೋಡ್ ಎಂದೂ ಪಕ್ಕದಲ್ಲೇ ಋಣಚಿಹ್ನೆಯೂ ಕಂಡರೆ, "ಸರ್, ಅಚ್ಚು ತಪ್ಪಾಗಿದೆಯೇ?" ಎಂದು ಕೇಳುತ್ತಾರೆ.

ಅದಕ್ಕೇ ನಾನು ಹೆಸರು ಹುಟ್ಟಿದ ಕಥೆಯಿಂದ ಪಾಠ ಶುರು ಮಾಡುತ್ತೇನೆ. ಮೈಕಲ್ ಫ್ಯಾರಡೆ ಪುಸ್ತಕಕ್ಕೆ ರಟ್ಟು ಕಟ್ಟುವವರ ಬಳಿ ಕೆಲಸ ಕಲಿತು ಬೆಳೆದವರು. ಶಾಲೆಯಲ್ಲಿ ಗ್ರೀಕ್ ಓದಿದವರಲ್ಲ. 1834ರಲ್ಲಿ ತಮ್ಮ ಪ್ರಯೋಗಗಳಿಗೆ ಹೊಸ ಹೆಸರುಗಳು ಬೇಕಾದಾಗ ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್ ಅವರಿಗೆ ಪತ್ರ ಬರೆದರು. ಹ್ಯೂವೆಲ್ ಸೂಚಿಸಿದ್ದು ಆನೋಡ್, ಕ್ಯಾಥೋಡ್. ಗ್ರೀಕಿನಲ್ಲಿ 'ಹೊಡೊಸ್' ಎಂದರೆ ದಾರಿ, 'ಅನಾ' ಎಂದರೆ ಮೇಲಕ್ಕೆ, 'ಕತಾ' ಎಂದರೆ ಕೆಳಕ್ಕೆ.

ಮೇಲೆ ಕೆಳಗೆ ಎಲ್ಲಿಂದ ಬಂತು? ಭೂಮಿಯ ಕಾಂತತ್ವಕ್ಕೆ ಅದನ್ನು ಸುತ್ತುವ ವಿದ್ಯುತ್ ಕಾರಣವಾಗಿದ್ದರೆ ಆ ಪ್ರವಾಹ ಪೂರ್ವದಿಂದ ಪಶ್ಚಿಮಕ್ಕೆ, ಸೂರ್ಯ ಸಾಗುವ ಕಡೆಗೆ, ಹರಿಯಬೇಕು ಎಂದು ಫ್ಯಾರಡೆ ಲೆಕ್ಕ ಹಾಕಿದ್ದರು. ಕೋಶವನ್ನೂ ಹಾಗೆಯೇ ಇಟ್ಟರೆ ಪ್ರವಾಹ ದ್ರಾವಣದೊಳಗೆ ಹೊಗುವ ತುದಿ ಸೂರ್ಯ ಏರುವ ಕಡೆ, ಹೊರಬೀಳುವ ತುದಿ ಇಳಿಯುವ ಕಡೆ. ಇಲ್ಲಿ ಕನ್ನಡದ ಮಕ್ಕಳಿಗೆ ಎಷ್ಟು ಅನುಕೂಲವಿದೆ ನೋಡಿ! ಮೂಡುವ ದಿಕ್ಕು ಮೂಡಣ, ಪಡುವ ಎಂದರೆ ಮುಳುಗುವ ದಿಕ್ಕು ಪಡುವಣ. ಇಷ್ಟು ಹೇಳಿದರೆ ತರಗತಿ ಥಟ್ಟನೆ ಹಿಡಿದುಕೊಳ್ಳುತ್ತದೆ.

ಆಮೇಲೆ ಒಬ್ಬರನ್ನು ಕಪ್ಪುಹಲಗೆಗೆ ಕರೆಯುತ್ತೇನೆ. ಹೊರಗಿನ ತಂತಿಯಲ್ಲಿ ಪ್ರವಾಹ ತಾಮ್ರದಿಂದ ಸತುವಿಗೆ ಬರುತ್ತದೆ, ಹಾಗಾದರೆ ದ್ರಾವಣದೊಳಗೆ? ಸತುವಿನಿಂದ ತಾಮ್ರಕ್ಕೆ ಬಾಣ ಬೀಳುತ್ತದೆ. ಒಳಹೊಗುವುದು ಸತುವಿನಲ್ಲಿ, ಆದ್ದರಿಂದ ಅದೇ ಆನೋಡ್. ಸತು ಎಲೆಕ್ಟ್ರಾನ್‌ಗಳನ್ನು ಪಟ್ಟಿಯಲ್ಲಿ ಬಿಟ್ಟು ಕರಗುವುದರಿಂದ ಅಲ್ಲಿ ಋಣಚಿಹ್ನೆ. ತಾಮ್ರ ಶುದ್ಧೀಕರಣದ ತೊಟ್ಟಿಯಲ್ಲಿ ಬ್ಯಾಟರಿಯ ಧನ ತುದಿಗೆ ಸೇರಿದ ಪಟ್ಟಿಯಿಂದ ಪ್ರವಾಹ ಒಳಬರುತ್ತದೆ. ಅಲ್ಲಿ ಅದು ಆನೋಡ್. ಚಿಹ್ನೆ ಬದಲಾಯಿತು, ದಾರಿ ಬದಲಾಗಲಿಲ್ಲ. ಧನಾಗ್ರ ಎಂಬ ನಮ್ಮ ಪದ ಚಿಹ್ನೆಗೆ ಕಟ್ಟುಬಿದ್ದಿದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದರಿಂದ ತೊಂದರೆಯೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ದ್ರಾವಣದಲ್ಲಿ ಚಲಿಸುವ ವಿದ್ಯುದಾವೇಶವುಳ್ಳ ಕಣಕ್ಕೆ ಇಟ್ಟ ಅಯಾನು ಎಂಬ ಹೆಸರು ಕೂಡ ಅದೇ ಪತ್ರವ್ಯವಹಾರದ ಕೂಸು: ಗ್ರೀಕಿನಲ್ಲಿ 'ಹೋಗುತ್ತಿರುವುದು' ಎಂದರ್ಥ. ಎಲ್‌ಇಡಿಯ ಕೊನೆಯ ಅಕ್ಷರ ಡಯೋಡ್, ಎಂದರೆ ಎರಡು ದಾರಿ. ಅದರ ಉದ್ದನೆಯ ಕಾಲು ಆನೋಡ್. ಮೊಬೈಲ್ ಬ್ಯಾಟರಿ ಚಾರ್ಜ್ ಆಗುವಾಗ ಆನೋಡ್ ಯಾವುದು ಎಂದು ಕೇಳಿ ತರಗತಿ ಮುಗಿಸುತ್ತೇನೆ. ಒಳಗಿನ ಬಾಣ ತಿರುಗುವುದರಿಂದ ಹೆಸರುಗಳೂ ಅದಲುಬದಲಾಗುತ್ತವೆ ಎಂದು ಮರುದಿನ ಹೇಳುವವರು ಇದ್ದೇ ಇರುತ್ತಾರೆ.