‘ಐ ಆ್ಯಮ್ ಸ್ಯಾಮ್’ ಸಿನಿಮಾವನ್ನು ಕಣ್ಣೀರು ಒರೆಸಿಕೊಂಡು ಇನ್ನೊಮ್ಮೆ ನೋಡುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಕಥೆ ಬಿಚ್ಚಿಡದೆ ಇದನ್ನು ಬರೆಯಲು ಆಗುವುದಿಲ್ಲ. ಇನ್ನೂ ನೋಡಿಲ್ಲ ಅಂದರೆ ನೋಡಿಕೊಂಡು ಬನ್ನಿ. 2001ರ ಸಿನಿಮಾ, ಜೆಸ್ಸಿ ನೆಲ್ಸನ್ ನಿರ್ದೇಶನ. ಸ್ಯಾಮ್‌ಗೆ ಬುದ್ಧಿಮಾಂದ್ಯತೆ ಇದೆ. ಲಾಸ್ ಏಂಜಲೀಸ್‌ನ ಕಾಫಿ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು, ತಾಯಿ ಹೆತ್ತು ಬಿಟ್ಟುಹೋದ ಮಗಳು ಲೂಸಿಯನ್ನು ಒಬ್ಬನೇ ಸಾಕುತ್ತಾನೆ. ಅವಳಿಗೆ ಏಳಾಗುವ ಹೊತ್ತಿಗೆ ಸರ್ಕಾರದವರು ಬಂದು ಅವಳನ್ನು ಕರೆದುಕೊಂಡು ಹೋಗುತ್ತಾರೆ. ಆಮೇಲೆ ಕೋರ್ಟು, ವಕೀಲರು.

ಮೊದಲ ಸಲ ಸುಮ್ನೆ ನೋಡಿ. ಅಳು ಬಂದರೆ ಅಳಿ. ಸ್ಯಾಮ್ ಆಗಿ ಶಾನ್ ಪೆನ್ ನಟನೆ, ಲೂಸಿಯಾಗಿ ಆಗ ಏಳು ವರ್ಷದವಳಾಗಿದ್ದ ಡಕೋಟಾ ಫ್ಯಾನಿಂಗ್ ಮುಖ, ಮೇಲೆ ಬೀಟಲ್ಸ್ ಹಾಡುಗಳು. ಅಳಿಸಲಿಕ್ಕೆಂದೇ ಕಟ್ಟಿದ ಸಿನಿಮಾ ಇದು, ಅದರ ಕೆಲಸ ಅದು ಮಾಡಲಿ. ಒಂದೆರಡು ದಿನ ಬಿಟ್ಟು ಎರಡನೇ ಸಲ ಕೂತುಕೊಳ್ಳಿ. ಈ ಸಲ ಸ್ಯಾಮ್‌ನನ್ನು ಸ್ವಲ್ಪ ಬಿಟ್ಟು ಅವನ ಅಕ್ಕಪಕ್ಕ ಇರುವವರನ್ನು ನೋಡಿ.

ಎದುರು ಮನೆಯ ಆ್ಯನಿಯಿಂದ ಶುರು ಮಾಡಿ. ಮನೆಯಿಂದ ಹೊರಗೆ ಕಾಲಿಡಲು ಹೆದರುವ ಹೆಂಗಸು. ಎಳೆ ಮಗುವಿಗೆ ಎಷ್ಟು ಹೊತ್ತಿಗೊಮ್ಮೆ ಹಾಲು ಕೊಡಬೇಕು ಅಂತ ಸ್ಯಾಮ್‌ಗೆ ಲೆಕ್ಕ ಸಿಗದಿದ್ದಾಗ, ಟಿವಿಯಲ್ಲಿ ಯಾವ ಕಾರ್ಯಕ್ರಮ ಬರುವಾಗ ಹಾಲು ಕುಡಿಸಬೇಕು ಅಂತ ಅವಳು ಹೇಳಿಕೊಡುತ್ತಾಳೆ. ಇಡೀ ಸಿನಿಮಾದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದೇ, ಏಕೆಂದರೆ ಇಲ್ಲಿ ಯಾರೂ ಅಳುವುದಿಲ್ಲ, ಒಬ್ಬರಿಗೆ ಬಾರದ ಕೆಲಸವನ್ನು ಇನ್ನೊಬ್ಬರು ಅವರಿಗೆ ಆಗುವ ಹಾಗೆ ಮಾಡಿಕೊಡುತ್ತಾರೆ, ಅಷ್ಟೇ. ಶೂ ಅಂಗಡಿಯ ದೃಶ್ಯವನ್ನೂ ಹೀಗೇ ನೋಡಿ. ದುಡ್ಡು ಕಡಿಮೆ ಬಿದ್ದಾಗ ಗೆಳೆಯರು ಕೈ ಸೇರಿಸುತ್ತಾರೆ. ಈಗ ಕೋರ್ಟಿನ ಭಾಗಕ್ಕೆ ಬನ್ನಿ. ಅಲ್ಲಿ ಕೇಳುವುದೆಲ್ಲ ಅವನೊಬ್ಬನಿಗೆ ಏನು ಗೊತ್ತು, ಅವನೊಬ್ಬನಿಗೆ ಏನು ಆಗುತ್ತದೆ ಅಂತ. ಅಜ್ಜಿ, ಪಕ್ಕದ ಮನೆ ಆಂಟಿ, ಟ್ಯೂಷನ್ ಮೇಷ್ಟ್ರು ಯಾರೂ ಇಲ್ಲದೆ ನಮ್ಮನ್ನು ಯಾರು ಬೆಳೆಸಿದ್ದಾರೆ ಹೇಳಿ.

ಹಾಗಂತ ಎದುರು ಪಕ್ಷದ ವಕೀಲನನ್ನು ಖಳನಾಯಕ ಅಂತ ತಳ್ಳಿಹಾಕಬೇಡಿ. ಸಿನಿಮಾ ನಿಮ್ಮಿಂದ ಅದನ್ನೇ ಮಾಡಿಸಲು ನೋಡುತ್ತದೆ, ಅದಕ್ಕೇ ಹುಷಾರು. ಅಪ್ಪನಿಗೆ ಓದಲು ಬಾರದ ಪದವನ್ನು ಲೂಸಿ ತಾನೂ ಓದುವುದಿಲ್ಲ ಅಂತ ಹಟ ಹಿಡಿಯುತ್ತಾಳಲ್ಲ, ಅಲ್ಲಿ ಒಮ್ಮೆ ನಿಲ್ಲಿಸಿ. ಮುದ್ದಾದ ದೃಶ್ಯ ಅನ್ನಿಸುತ್ತದೆ, ಆದರೆ ಅಪ್ಪನಿಗೆ ನೋವಾಗಬಾರದು ಅಂತ ಒಂದು ಮಗು ತನ್ನ ಕಲಿಕೆಯನ್ನೇ ತಡೆದುಕೊಳ್ಳುತ್ತಿದೆ. ನಾಳೆ ಜ್ವರದ ಔಷಧಿಯ ಅಳತೆ ಓದುವವರು ಯಾರು, ಹನ್ನೆರಡು ವರ್ಷಕ್ಕೆ ಬಂದ ಮೇಲೆ ಅವಳ ಜೊತೆ ಕೂತು ಮಾತಾಡುವವರು ಯಾರು? ಈ ಪ್ರಶ್ನೆ ನ್ಯಾಯವಾದದ್ದೇ. ಪ್ರೀತಿ ಇದ್ದರೆ ಸಾಕು ಅಂತ ಸಿನಿಮಾ ಉತ್ತರ ಕೊಡುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಸರಿಯಾದ ಉತ್ತರ ಆ್ಯನಿಯ ಟಿವಿ ಉಪಾಯದಲ್ಲೇ ಇತ್ತು, ಸಿನಿಮಾ ಅದನ್ನು ತೋರಿಸಿ ಆಮೇಲೆ ಮರೆತುಬಿಟ್ಟಿತು. ಕೊನೆಗೆ ಲೂಸಿಯನ್ನು ಸಾಕಿಕೊಂಡಿದ್ದ ರ‍್ಯಾಂಡಿಯೇ ಅವಳನ್ನು ವಾಪಸ್ ಕರೆತಂದಾಗ ಅದು ಸ್ವಲ್ಪ ನೆನಪಾಗುತ್ತದೆ.

ನಟರ ಬಗ್ಗೆಯೂ ಒಂದು ಮಾತು. ಪೆನ್‌ಗೆ ಆಸ್ಕರ್ ನಾಮನಿರ್ದೇಶನ ಬಂತು, ಅವನಿಗೆ ಈ ಅಸಾಮರ್ಥ್ಯ ಇಲ್ಲ. ಸ್ಯಾಮ್‌ನ ಗೆಳೆಯರಲ್ಲಿ ಇಬ್ಬರ ಪಾತ್ರ ಮಾಡಿದ ಬ್ರಾಡ್ ಸಿಲ್ವರ್‌ಮನ್ ಮತ್ತು ಜೋ ರೋಸನ್‌ಬರ್ಗ್‌ಗೆ ನಿಜವಾಗಿಯೂ ಇದೆ. ಗೆಳೆಯರೆಲ್ಲ ಒಟ್ಟಿಗೆ ಇರುವ ದೃಶ್ಯಗಳಲ್ಲಿ ಅವರಿಬ್ಬರ ಮೇಲೆ ಕಣ್ಣಿಡಿ. ಪೆನ್‌ನ ಕೈಕಾಲು ಸದಾ ಏನೋ ಮಾಡುತ್ತಲೇ ಇರುತ್ತವೆ, ಅವರು ಮಾತ್ರ ಆರಾಮಾಗಿ ಇರುತ್ತಾರೆ.

ಮಕ್ಕಳ ಜೊತೆ ನೋಡುವವರು ಹತ್ತು ವರ್ಷ ದಾಟಿದವರನ್ನು ಕೂರಿಸಿಕೊಳ್ಳಿ, ಸಿನಿಮಾ ಎರಡು ಗಂಟೆಗೂ ಜಾಸ್ತಿ ಇದೆ. ‘ಪಾಪ’ ಅನ್ನೋದರ ಮೇಲೆ ಮಾತು ನಿಲ್ಲಲು ಬಿಡಬೇಡಿ. ಲೂಸಿ ನಿನ್ನ ಕ್ಲಾಸಲ್ಲಿದ್ದರೆ ಅವಳ ಬರ್ತ್‌ಡೇಗೆ ಹೋಗುತ್ತಿದ್ದೆಯಾ ಅಂತ ಕೇಳಿ. ಮನೆಯಲ್ಲಿ ಇಂಥ ಅಸಾಮರ್ಥ್ಯ ಇರುವ ಅಣ್ಣನೋ ಚಿಕ್ಕಮ್ಮನೋ ಇದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಹೇಗಿತ್ತು ಅಂತ ಮೊದಲು ಅವರನ್ನೇ ಕೇಳಿ, ಅವರ ಪರವಾಗಿ ನೀವು ಉತ್ತರ ಕೊಡಬೇಡಿ.

‘ಇದೆಲ್ಲ ಅಮೆರಿಕದ ಕಥೆ’ ಅಂತ ಯಾರಾದರೂ ಹೇಳಿದರೆ 2009ರ ಸುಚಿತಾ ಶ್ರೀವಾಸ್ತವ ಪ್ರಕರಣದ ತೀರ್ಪು ಹೇಳಿ. ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ, ಅತ್ಯಾಚಾರದಿಂದ ಗರ್ಭಿಣಿಯಾಗಿದ್ದ ಹೆಣ್ಣುಮಗಳ ಗರ್ಭಪಾತಕ್ಕೆ ಹೈಕೋರ್ಟ್ ಒಪ್ಪಿಗೆ ಕೊಟ್ಟಿತ್ತು. ಅವಳಿಗೆ ಸೌಮ್ಯ ಪ್ರಮಾಣದ ಬುದ್ಧಿಮಾಂದ್ಯತೆ ಇತ್ತು. ಮಗು ಬೇಕು ಅಂತ ಅವಳು ಹೇಳಿದ್ದಳು. ಅವಳ ಒಪ್ಪಿಗೆ ಇಲ್ಲದೆ ಹಾಗೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ತಡೆಯಿತು. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದದ 23ನೇ ವಿಧಿಯೂ, ಅಪ್ಪ ಅಮ್ಮನ ಅಂಗವೈಕಲ್ಯ ಒಂದನ್ನೇ ನೆಪ ಮಾಡಿ ಮಗುವನ್ನು ದೂರ ಮಾಡಬಾರದು ಅನ್ನುತ್ತದೆ.

ಇಷ್ಟಾದ ಮೇಲೆ ವಿಕ್ರಮ್ ನಟಿಸಿದ ತಮಿಳಿನ ‘ದೈವ ತಿರುಮಗಳ್’ ನೋಡಿ, 2011ರದ್ದು. ವಕೀಲೆ ನಮ್ಮ ಮಂಗಳೂರಿನ ಅನುಷ್ಕಾ ಶೆಟ್ಟಿ. ಕಥೆ ಹೆಚ್ಚುಕಡಿಮೆ ಅದೇ, ಆದರೆ ಇಲ್ಲಿ ಮಗುವನ್ನು ಕಿತ್ತುಕೊಳ್ಳುವುದು ಸರ್ಕಾರ ಅಲ್ಲ, ಹೆಂಡತಿಯ ಅಪ್ಪ. ನಮ್ಮ ಕಡೆ ಹೀಗೇ ಅಲ್ವಾ? ಕೊನೆಯಲ್ಲಿ ಅಪ್ಪ ಗೆದ್ದೂ ಮಗಳನ್ನು ತಾನಾಗಿ ಬಿಟ್ಟುಕೊಡುತ್ತಾನೆ, ಥಿಯೇಟರ್ ಪೂರ್ತಿ ಅಳಬೇಕು ಅಂತ. ನನಗೆ ಸಿಟ್ಟು ಬಂತು. ಅಪ್ಪ, ತಾತ ಇಬ್ಬರೂ ಸೇರಿ ಸಾಕಬಹುದಿತ್ತಲ್ಲ. ರಮೇಶ್ ಅರವಿಂದ್ ಅವರ ನೂರನೇ ಸಿನಿಮಾ ‘ಪುಷ್ಪಕ ವಿಮಾನ’ದಲ್ಲೂ ಇಂಥ ಅಪ್ಪನೇ ಇದ್ದಾನೆ, ಆದರೆ ಅದು ಜೈಲು ಸೇರಿದವನ ಕಥೆ, ಸಾಕುವ ಪ್ರಶ್ನೆ ಅಲ್ಲಿ ಅಷ್ಟಾಗಿ ಬರುವುದಿಲ್ಲ. ಅದನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳಿ, ಮೂರನ್ನೂ ಒಟ್ಟಿಗೆ ನೋಡಿದರೆ ತಲೆನೋವು ಗ್ಯಾರಂಟಿ.